ಐದನೇ ಹಾಡಿಗೆ ಎಂಟುನೂರು ಮೀಟರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗುಂಡ್ಲುಪೇಟೆಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ದಿನಕ್ಕೆ ಎಂಟು ಗಂಟೆ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಮನೆಗೆ ಬಂದು ಒಂದು ಲೋಟ ನೀರು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದಂತೆ. ಮೂವತ್ತೆಂಟಕ್ಕೇ ಬಿ.ಪಿ. ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೈ ಬೆವರುವ ಹಾಗೆ ಏನಾದರೂ ಮಾಡಿ ಎಂದರು. ಮಾತ್ರೆ ನುಂಗಿದೆ. ಬೆವರಿಗೆ ‘ಏಳನೇ ಗೇರ್’ ಇತ್ತು.

ಏಳನೇ ಗೇರ್ ಎಂದರೆ ಮೈಸೂರಿನ ಐದು ಜನರ ಒಂದು ರಾಕ್ ಬ್ಯಾಂಡು. ಐಟಿಐ ಓದುವಾಗ ಒಂದು ಕಾಲೇಜಿನ ಮೈದಾನದಲ್ಲಿ ಅವರನ್ನು ಮೊದಲ ಸಲ ಕೇಳಿದೆ. ಅವತ್ತು ಡ್ರಮ್ಮಿನ ಸದ್ದು ನನ್ನ ಎದೆಯ ಒಳಗಿಂದಲೇ ಬರುತ್ತಿದೆಯೇನೋ ಅನ್ನಿಸಿತ್ತು. ಇಷ್ಟು ವರ್ಷದಲ್ಲಿ ಅವರು ಮಾಡಿರುವುದು ಒಟ್ಟು ಒಂಬತ್ತು ಹಾಡು. ಒಂಬತ್ತೂ ನನಗೆ ಬಾಯಿಪಾಠ. ಯಾವ ಹಾಡಿನಲ್ಲಿ ಗಿಟಾರು ಎಲ್ಲಿ ಏಳುತ್ತದೆ, ಡ್ರಮ್ಮು ಎಲ್ಲಿ ಒಂದು ಪೆಟ್ಟು ನುಂಗಿಕೊಳ್ಳುತ್ತದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೆಂಡತಿಗೆ ಇದೊಂದು ಗ್ರಹಚಾರ.

ಹೀಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಲ್ಲಿ ನಮ್ಮ ಕಸರತ್ತು ಶುರುವಾಯಿತು. ಬೈಕಿನ ಸೀಟಿಗೆ ಒಂದು ಬ್ಲೂಟೂತ್ ಸ್ಪೀಕರ್ ಕಟ್ಟುತ್ತಿದ್ದೆ. ಒಂದೊಂದು ಹಾಡಿಗೆ ಒಂದೊಂದು ಕೆಲಸ. ಮೊದಲನೆಯದಕ್ಕೆ ಕತ್ತು ಭುಜ, ಎರಡನೆಯದಕ್ಕೆ ಸೊಂಟ, ಹೀಗೆ. ಬಂಡೀಪುರದ ಗೇಟು ತೆಗೆಯುವುದನ್ನೇ ಕಾಯುತ್ತ ರಾತ್ರಿಯೆಲ್ಲ ಹೆದ್ದಾರಿ ಬದಿಯಲ್ಲಿ ನಿಂತ ಕೇರಳದ ಲಾರಿಗಳು ಆಗಷ್ಟೇ ಎದ್ದು ಹೊರಡುತ್ತಿದ್ದವು. ಆ ಸದ್ದನ್ನು ಮೀರಿಸಲು ನಾನು ಕೂಗುತ್ತಿದ್ದೆ. ಮೊದಲು ನಾವು ಮೂವರೇ: ನಾನು, ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ಶಿವಮಲ್ಲು, ಹೈಸ್ಕೂಲು ಮೇಷ್ಟ್ರು ರಘುನಾಥ. ಆರು ತಿಂಗಳಲ್ಲಿ ಹನ್ನೊಂದು ಜನರಾದೆವು. ಸಂಗೀತಕ್ಕೆ ಬಂದವರು ಕಡಿಮೆ, ಸಕ್ಕರೆ ಕಾಯಿಲೆಗೆ ಬಂದವರು ಹೆಚ್ಚು.

ಎಲ್ಲದರಲ್ಲೂ ಜೀವ ಹಿಂಡುತ್ತಿದ್ದದ್ದು ಐದನೇ ಹಾಡು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಕಾಲು ಗಟ್ಟಿ ಇರುವವರು ಆ ಹಾಡಿಗೆ ಮೈದಾನ ಸುತ್ತಬೇಕು, ಮಂಡಿನೋವಿನವರು ನಡುವೆ ನಿಂತಲ್ಲೇ ಮಾಡಬೇಕು. ಡ್ರಮ್ಮು ಶುರುವಾದಾಗ ನಿಂತವರು ಕಾಲು ಬಡಿಯುತ್ತಾರೆ. ಹಾಡುವ ದನಿ ಬಂದಾಗ ಮಂಡಿ ಎತ್ತಿ ತಲೆಯ ಮೇಲೆ ಚಪ್ಪಾಳೆ. ನಡುವೆ ಎಲ್ಲ ವಾದ್ಯವೂ ನಿಂತು ಕೊಳಲೊಂದೇ ಉಳಿಯುವ ಜಾಗವೊಂದಿದೆ. ಅಲ್ಲಿ ಎರಡೂ ಕೈ ಅಗಲಿಸಿ ನಿಧಾನ ಉಸಿರು. ಓಡುವವರೂ ಅಲ್ಲಿ ನಡೆಯಬಹುದು. ಆಮೇಲೆ ಮತ್ತೆ ಚಪ್ಪಾಳೆ. ಕೊನೆಗೆ ಡ್ರಮ್ಮು ಹುಚ್ಚು ಹಿಡಿದಂತೆ ಬಡಿಯುವಾಗ ಕುಕ್ಕರಿಸಿ ನೆಗೆಯುವುದು. ಇದೆಲ್ಲ ನಾನೇ ಕೂತು ಹೊಂದಿಸಿದ್ದು. ಆ ಬಗ್ಗೆ ನನಗೆ ಕೊಂಬು ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಭವ್ಯ ಬಂದದ್ದು ಶಿವಮಲ್ಲುವಿನ ಕಡೆಯಿಂದ. ಅವನ ಮಂಡಿಯಲ್ಲೇ ಈರುಳ್ಳಿ ಆರಿಸುವ ಹೆಣ್ಣುಮಗಳು, ಭೀಮನಬೀಡಿನ ಸೊಸೆ. ಗಂಡ ಕೋಳಿಕ್ಕೋಡಿಗೆ ತರಕಾರಿ ಲಾರಿ ಓಡಿಸುತ್ತಾನೆ. ಅವಳಿಗೆ ಫಾರೆಸ್ಟ್ ಗಾರ್ಡ್ ಆಗಬೇಕಿತ್ತು. ಅವಳಪ್ಪ ಸೋಮಯ್ಯ ಬದುಕಿದ್ದಷ್ಟು ದಿನವೂ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದವನು. ಬೆಂಕಿ ಆರಿಸಿದ, ಆನೆ ಓಡಿಸಿದ, ಆದರೆ ಮೈಮೇಲೆ ಒಂದು ದಿನವೂ ಖಾಕಿ ಬೀಳಲಿಲ್ಲ. ಭವ್ಯ ಬರೆಯುವ ಪರೀಕ್ಷೆಯಲ್ಲಿ ಮುಂದಿದ್ದಳು. ಓಟದಲ್ಲಿ ಸೋತಿದ್ದಳು. ಎಂಟುನೂರು ಮೀಟರನ್ನು ನಾಲ್ಕೂವರೆ ನಿಮಿಷದೊಳಗೆ ಮುಗಿಸಬೇಕು. ಹೋದ ಸಲ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಹಾರಿಕೊಂಡು ಹೋಗಿ, ಎರಡನೇ ಸುತ್ತಿನ ಅರ್ಧದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಿದ್ದಳು. ಇನ್ನು ಉಳಿದದ್ದು ಒಂದೇ ಅವಕಾಶ. ಅದು ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು.

ಅವಳು ಒಬ್ಬಳೇ ಬರಲಿಲ್ಲ. ಮೊಪೆಡ್ಡಿನ ಹಿಂದೆ ಅತ್ತೆ ದೊಡ್ಡಮಾದಮ್ಮನೂ ಕೂತು ಬಂದರು. ಪ್ಯಾಂಟು ಹಾಕಿಕೊಂಡು ಗಂಡಸರ ನಡುವೆ ಕುಣಿಯುವ ಸೊಸೆಯ ಬಗ್ಗೆ ಊರು ಮಾತಾಡದಿರಲಿ ಎಂದು ಕಾವಲಿಗೆ ಬಂದವರು ಅವರು. ಮೊದಲ ವಾರ ಸೆರಗು ಹೊದ್ದು ಬೇವಿನ ಮರದ ಕೆಳಗೆ ಕೂತರು. ಎರಡನೇ ವಾರ ಚಳಿ ತಡೆಯಲಾರದೆ ಎದ್ದು ನಿಂತರು. ಮೂರನೇ ವಾರ ನೋಡುತ್ತೇನೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅರವತ್ತರ ಹತ್ತಿರದ ಹೆಂಗಸು. ಬದುಕೆಲ್ಲ ಕಂಡವರ ಹೊಲದಲ್ಲಿ ಹೂವು ಕಿತ್ತ ಕೈ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಎಲ್ಲರ ಚಪ್ಪಾಳೆ ಒಂದು ಕಡೆಯಾದರೆ ಅವರದು ಕೂದಲೆಳೆಯಷ್ಟು ಹಿಂದೆ.

“ಅವ್ವಾ, ತಾಳ ಕೇಳುಸ್ತಾ ಇಲ್ವಾ ನಿಂಗೆ?” ಎಂದು ಒಂದು ದಿನ ಕೂಗಿದೆ.

“ಕೇಳುಸ್ತದೆ ಕಣಪ್ಪ. ನೀ ಕಿರುಚೋದು ಅದಕ್ಕಿಂತ ಜಾಸ್ತಿ ಕೇಳುಸ್ತದೆ,” ಎಂದರು.

ಶಿವಮಲ್ಲು ನಕ್ಕ. ಮೇಷ್ಟ್ರು ನಗು ತಡೆಯಲು ಕೆಮ್ಮಿದರು. ನಾನು ಆರನೇ ಹಾಡನ್ನು ಎರಡು ಸಲ ಹಾಕಿ ಎಲ್ಲರ ಮೇಲೂ ಸಿಟ್ಟು ತೀರಿಸಿಕೊಂಡೆ.

ಭವ್ಯಳಿಗೆ ಐದನೇ ಹಾಡು ಮದ್ದಿನ ಹಾಗೆ ಹಿಡಿಯಿತು. ಇನ್ನೂರು ಮೀಟರಿನ ನಮ್ಮ ಮೈದಾನವನ್ನು ನಾಲ್ಕು ಸಲ ಸುತ್ತಿದರೆ ಎಂಟುನೂರು. ಹಾಡಿನ ಜೊತೆಗೇ ಹೊರಟರೆ ಅವಳು ಮೊದಲೇ ಹಾರುತ್ತಿರಲಿಲ್ಲ, ನಡುವೆ ಕುಸಿಯುತ್ತಲೂ ಇರಲಿಲ್ಲ. ಕೊಳಲು ಬಂದಾಗ ನಡೆದು, ಉಸಿರು ತುಂಬಿಕೊಂಡು, ಕೊನೆಯ ಡ್ರಮ್ಮಿಗೆ ಬಾಣ ಬಿಟ್ಟಂತೆ ಬರುತ್ತಿದ್ದಳು. ಕೊನೆಯ ಪೆಟ್ಟು ಬೀಳುವುದಕ್ಕೂ ಅವಳು ಸುಣ್ಣದ ಗೆರೆ ದಾಟುವುದಕ್ಕೂ ಸರಿಹೋಗುತ್ತಿತ್ತು. ರಘುನಾಥ ಮೇಷ್ಟ್ರು ವಾಚು ನೋಡಿ ಪ್ರತಿ ವಾರವೂ ಅದೇ ಮಾತು ಹೇಳುತ್ತಿದ್ದರು: “ನಾಲ್ಕು ಇಪ್ಪತ್ತು. ಹತ್ತು ಸೆಕೆಂಡು ಉಳೀತು.”

ಪರೀಕ್ಷೆಗೆ ಎರಡು ವಾರವಿದ್ದಾಗ ನನಗೆ ಹೊಸ ಯೋಚನೆ ಹೊಳೆಯಿತು. ಓಟದ ಪರೀಕ್ಷೆಯಲ್ಲಿ ಯಾರಾದರೂ ನಡೆಯುತ್ತಾರೆಯೇ?

“ನೋಡಮ್ಮಿ, ಅಲ್ಲಿ ಕೊಳ್ಲು ಗಿಳ್ಲು ಅಂತ ನಡ್ಕಂಡ್ ಹೋದ್ರೆ ಕೆಟ್ಟೆ,” ಎಂದೆ. “ಒಂದೇ ಸಮ ಓಡ್ಬೇಕು. ಗೊತ್ತಾಯ್ತಾ?”

“ಊಂ ಶಂಕ್ರಣ್ಣ,” ಎಂದಳು. ಅವಳು ಎಲ್ಲದಕ್ಕೂ ಊಂ ಎನ್ನುತ್ತಾಳೆ.

ಪರೀಕ್ಷೆ ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದಲ್ಲಿ. ಅವತ್ತು ಬೆಳಗಿನ ಜಾವವೇ ಶಿವಮಲ್ಲು ಪರಿಚಯದ ಒಂದು ಟೊಮೇಟೊ ಗಾಡಿ ತಂದ. ಕ್ರೇಟುಗಳನ್ನು ಇಳಿಸಿ, ಜಮಖಾನ ಹಾಸಿ, ಗುಂಪಿನವರೆಲ್ಲ ಹಿಂದೆ ಕೂತೆವು. ಒಬ್ಬ ಹೆಣ್ಣುಮಗಳನ್ನು ಓಡಿಸಲು ಇಷ್ಟು ಜನ ಯಾಕೆ ಎಂದು ಯಾರೂ ಕೇಳಲಿಲ್ಲ. ಭವ್ಯ ಕಣ್ಣು ಮುಚ್ಚಿ ಕೂತಿದ್ದಳು. ದೊಡ್ಡಮಾದಮ್ಮ ಅವಳ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಒತ್ತುತ್ತ ಬಂದರು. ಅತ್ತೆ ಸೊಸೆಯ ಕಾಲು ಒತ್ತುವುದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡೆ.

ಕ್ರೀಡಾಂಗಣದ ಹೊರಗೆ ಜಾತ್ರೆಯಷ್ಟು ಜನ. ಅಪ್ಪಂದಿರು, ಅಣ್ಣಂದಿರು, ಕಂಕುಳಲ್ಲಿ ಮಗು ಎತ್ತಿಕೊಂಡ ಗಂಡಂದಿರು. ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ. ನಾನು ಸ್ಪೀಕರನ್ನು ಎದೆಗವಚಿಕೊಂಡು ಬೇಲಿಯ ಹತ್ತಿರ ಹೋದೆ. ಹೊರಗಿನಿಂದಲೇ ಐದನೇ ಹಾಡು ಹಾಕುವುದು ನನ್ನ ಲೆಕ್ಕಾಚಾರ. ಗೇಟಿನಲ್ಲಿದ್ದ ಪೊಲೀಸಪ್ಪ ದೂರದಿಂದಲೇ ಬೆರಳು ಆಡಿಸಿದ.

“ಏಯ್, ಏನ್ರೀ ಅದು? ಹಾಡು ಗೀಡು ಇಲ್ಲಿ ಹಾಕಂಗಿಲ್ಲ. ಮೊದ್ಲು ಗಾಡೀಲಿ ಇಟ್ಬುಟ್ಟು ಬನ್ನಿ.”

“ಸಾರ್, ಒಂದೇ ಒಂದು ಹಾಡು…”

“ಒಂದೂ ಇಲ್ಲ, ಅರ್ಧಾನೂ ಇಲ್ಲ.”

ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರು ತೋಳು ಹಿಡಿದು ಎಳೆಯದಿದ್ದರೆ ಅಲ್ಲೇ ಒಂದು ಕೇಸಾಗುತ್ತಿತ್ತು. ಸ್ಪೀಕರನ್ನು ಗಾಡಿಯಲ್ಲಿಟ್ಟು ಬಂದೆ. ತಂತಿಬೇಲಿಯ ಉದ್ದಕ್ಕೂ ಜನ ಕಿಕ್ಕಿರಿದಿದ್ದರು. ಓಟದ ದಾರಿಯ ಕೊನೆಯ ತಿರುವಿನ ಎದುರು ನಮಗೆ ಸ್ವಲ್ಪ ಜಾಗ ಸಿಕ್ಕಿತು. ಆಚೆ ಬದಿಯ ನೇರ ದಾರಿಯಲ್ಲಿ ಓಡಿ ಬರುವವರು ಅಲ್ಲಿಂದ ಎದುರಿಗೇ ಕಾಣುತ್ತಿದ್ದರು.

ಭವ್ಯಳ ಎದೆಯ ಮೇಲೆ ನಲವತ್ತೇಳು ಎಂಬ ಸಂಖ್ಯೆ. ಅವಳ ಸಾಲಿನಲ್ಲಿ ಹತ್ತು ಮಂದಿ, ಎಲ್ಲರೂ ಅವಳಿಗಿಂತ ಚಿಕ್ಕವರು. ಇಲ್ಲಿಯ ದೊಡ್ಡ ಮೈದಾನದಲ್ಲಿ ಎಂಟುನೂರಕ್ಕೆ ಎರಡೇ ಸುತ್ತು. ಸೀಟಿ ಊದಿದರು.

ಒಂಬತ್ತು ಹುಡುಗಿಯರು ಹಾರಿಕೊಂಡು ಹೋದರು. ಭವ್ಯ ಹಾರಲಿಲ್ಲ. ಸಾವಕಾಶ ಹೆಜ್ಜೆ ಇಟ್ಟು ಹಿಂದೆ ಉಳಿದಳು. ಬೇಲಿಯ ಬಳಿ ಯಾರೋ “ಆ ಕೊನೇವ್ಳು ಆಗಲ್ಲ ಬುಡು” ಎಂದರು. ನಾನು ಅವರತ್ತ ತಿರುಗಿ ನೋಡಿದ ನೋಟಕ್ಕೆ ಅವರು ಎರಡು ಹೆಜ್ಜೆ ಸರಿದರು. ಮೊದಲ ಸುತ್ತಿನಲ್ಲಿ ನಮ್ಮ ಮುಂದೆ ಹಾದುಹೋದಾಗ ಅವಳ ತುಟಿ ಸಣ್ಣಗೆ ಆಡುತ್ತಿತ್ತು, ಕಣ್ಣು ನಮ್ಮನ್ನು ನೋಡಲಿಲ್ಲ. ಸುತ್ತು ಮುಗಿದಾಗ ಮೇಷ್ಟ್ರು ವಾಚು ನೋಡಿ ತಲೆಯಾಡಿಸಿದರು. ಸರಿಯಾಗಿತ್ತು. ಮುಂದಿದ್ದ ಹುಡುಗಿಯರಲ್ಲಿ ಇಬ್ಬರು ಆಗಲೇ ಸೊಂಟ ಹಿಡಿದಿದ್ದರು.

ಎರಡನೇ ಸುತ್ತಿನ ಮೊದಲ ತಿರುವು. ಆ ತಿರುವು ಮುಗಿಯುವ ಜಾಗದಲ್ಲಿ ಭವ್ಯ ಓಟ ನಿಲ್ಲಿಸಿ ನಡೆಯತೊಡಗಿದಳು.

ನನ್ನ ರಕ್ತ ತಲೆಗೇರಿತು. ಎರಡು ವಾರ ಹೇಳಿದ್ದೇನೆ. ಬಿಡಿಸಿ ಬಿಡಿಸಿ ಹೇಳಿದ್ದೇನೆ. ಬೇಲಿಯ ತಂತಿ ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಯ ತಳದಿಂದ ಕೂಗಿದೆ.

“ಭವ್ಯಾ! ನಡೀಬ್ಯಾಡ ಕಣಮ್ಮಿ! ಓಡೂ! ಓಡೂ!”

ಫೋರ್ಕ್‌ಲಿಫ್ಟಿನ ಮೇಲೆ ಹದಿನೈದು ವರ್ಷ ಕೂಗಿದ ಗಂಟಲು. ಮೈದಾನದ ಆಚೆ ತುದಿಗೂ ಮುಟ್ಟಿತು. ಅವಳು ಬೆಚ್ಚಿಬಿದ್ದಳು. ತಲೆ ಎತ್ತಿ ಅತ್ತಿತ್ತ ನೋಡಿ, ಓಡಿದಳು. ಅದು ಓಟವಲ್ಲ, ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತೇವಲ್ಲ, ಹಾಗೆ. ಕೈ ಒಂದು ಕಡೆ, ಕಾಲು ಒಂದು ಕಡೆ. ಬಾಯಿ ತೆರೆದು, ಕತ್ತು ಹಿಂದಕ್ಕೆ ಬಿದ್ದು, ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಬೇಲಿಯ ಜನ ಸಂತೋಷದಿಂದ ಕೂಗಿದರು. ನನಗೆ ಆಗ ಹೊಳೆಯಿತು. ಹೋದ ಸಲ ಅವಳು ಸೋತದ್ದು ಹೀಗೇ. ಇನ್ನೊಂದು ಐವತ್ತು ಹೆಜ್ಜೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ.

ನಡಿಗೆ ಅವಳ ತಪ್ಪಾಗಿರಲಿಲ್ಲ. ಹಾಡು ಅವಳೊಳಗೆ ಸರಿಯಾದ ಜಾಗದಲ್ಲೇ ಇತ್ತು, ಕೊಳಲು ಬಂದಿತ್ತು, ಅವಳು ಉಸಿರು ತುಂಬಿಕೊಳ್ಳುತ್ತಿದ್ದಳು. ಅದನ್ನು ಒಡೆದದ್ದು ನಾನು. ಒಂದು ಹೆಣ್ಣಿನ ಇಡೀ ಬದುಕಿನ ಕೊನೆಯ ಅವಕಾಶವನ್ನು ಎರಡು ಕೂಗಿಗೆ ಹಾಳು ಮಾಡಿದ್ದೆ. ಅದನ್ನು ಸರಿಮಾಡಲು ನನಗೆ ಗೊತ್ತಿದ್ದ ದಾರಿಯೂ ಒಂದೇ. ಮತ್ತೆ ಕೂಗಲು ಬಾಯಿ ತೆರೆದೆ.

ಒಂದು ಒರಟು ಅಂಗೈ ನನ್ನ ಬಾಯಿಯ ಮೇಲೆ ಬಿತ್ತು.

“ಬಾಯ್ ಮುಚ್ಲಾ,” ಎಂದರು ದೊಡ್ಡಮಾದಮ್ಮ. “ಹೂ ಕೀಳುವಾಗ ಸಾಲು ತಪ್ಪಿದೋಳ್ನ ಯಾರಾರ ಕೂಗ್ತಾರಾ? ಕೂಗುದ್ರೆ ಗಾಬ್ರಿ ಬಿದ್ದು ಮೊಗ್ಗೆಲ್ಲ ಕಿತ್ತಾಕ್ತಾಳೆ. ಅವ್ಳ್ಗೆ ಕಾಣೋ ಹಂಗೆ ನಮ್ ಕೈ ಆಡುಸ್ಬೇಕು. ತಾನೇ ಸಾಲಿಗ್ ಬತ್ತಾಳೆ.”

ಅವರು ಬೇಲಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ನೆರಿಗೆ ಎತ್ತಿ ಸಿಕ್ಕಿಸಿದರು. ಎರಡೂ ಕೈಯನ್ನು ಅಗಲಿಸಿ ನಿಧಾನವಾಗಿ ಮೇಲೆತ್ತಿದರು. ಎದೆ ತುಂಬ ಉಸಿರು ಎಳೆದರು. ನಿಧಾನವಾಗಿ ಇಳಿಸಿದರು.

ಅದು ಕೊಳಲಿನ ಜಾಗ.

ರಘುನಾಥ ಮೇಷ್ಟ್ರು ವಾಚು ಬಿಚ್ಚಿ ಜೇಬಿಗೆ ಹಾಕಿ ಅವರ ಪಕ್ಕ ನಿಂತರು. ಶಿವಮಲ್ಲು ನಿಂತ. ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಎಣಿಸಲಿಲ್ಲ, ಯಾರೂ ಒಂದು, ಎರಡು ಎನ್ನಲಿಲ್ಲ. ಕೈಗಳು ಒಟ್ಟಿಗೆ ಮೇಲೆ ಹೋದವು, ಒಟ್ಟಿಗೆ ಇಳಿದವು. ಸುತ್ತಲಿನ ಜನ ಏನಾಯಿತೆಂದು ತಿಳಿಯದೆ ಜಾಗ ಬಿಟ್ಟು ಹಿಂದೆ ಸರಿದರು. ಗದ್ದಲ ನಮ್ಮ ಸುತ್ತ ತಾನಾಗಿಯೇ ಕಡಿಮೆಯಾಯಿತು.

ನಾನೂ ಸಾಲಿನಲ್ಲಿ ನಿಂತೆ. ನಾಚಿಕೆಯ ಮಾತು ಹೇಳುತ್ತೇನೆ, ನನಗೆ ಹಾಡು ಸಿಗಲಿಲ್ಲ. ಸಾವಿರ ಸಲ ಕೇಳಿದ ಹಾಡು. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ ಎಂದು ಕೊಚ್ಚಿಕೊಂಡ ಹಾಡು. ತಲೆಯೊಳಗೆ ನನ್ನ ಕೂಗೊಂದೇ ಸುತ್ತುತ್ತಿತ್ತು. ಕೊನೆಗೆ ನಾನು ಮಾಡಿದ್ದು ಇಷ್ಟೇ: ಕೂದಲೆಳೆಯಷ್ಟು ಹಿಂದೆ ಬೀಳುತ್ತಾರೆ ಎಂದು ಬೈಯುತ್ತಿದ್ದೆನಲ್ಲ, ಆ ಮುದುಕಿಯ ಕೈ ನೋಡಿಕೊಂಡು ನನ್ನ ಕೈ ಎತ್ತಿದೆ.

ಆಚೆ ಬದಿಯ ನೇರ ದಾರಿಯಲ್ಲಿ ಭವ್ಯ ನಮ್ಮ ಎದುರಿಗೇ ಬರುತ್ತಿದ್ದಳು. ಅವಳ ಕಣ್ಣು ನಮ್ಮ ಮೇಲೆ ಬಿದ್ದದ್ದು ಅಷ್ಟು ದೂರದಿಂದಲೂ ನನಗೆ ತಿಳಿಯಿತು. ಹನ್ನೆರಡು ಜೊತೆ ಕೈ ಏಳುತ್ತಿವೆ, ಇಳಿಯುತ್ತಿವೆ. ಅವಳ ಭುಜ ಇಳಿಯಿತು. ತೆರೆದ ಬಾಯಿ ಮುಚ್ಚಿತು. ಓಟ ನಿಧಾನವಾಯಿತು, ನಡಿಗೆಯಾಯಿತು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಆಗಷ್ಟೇ ಹಿಂದೆ ಹಾಕಿದ್ದ ಹುಡುಗಿಯರು ಮತ್ತೆ ಅವಳನ್ನು ದಾಟಿದರು. ಬೇಲಿಯ ಜನ “ಅಯ್ಯೋ” ಎಂದರು. ನನ್ನ ಗಂಟಲಲ್ಲಿ ಕೂಗು ಬಂದು ಕೂತಿತ್ತು, ಅದನ್ನು ನುಂಗಿದೆ. ಹುಟ್ಟಿದ ಮೇಲೆ ಅಷ್ಟು ದೊಡ್ಡದನ್ನು ನಾನು ನುಂಗಿದ್ದಿಲ್ಲ.

ದೊಡ್ಡಮಾದಮ್ಮನ ಬಲಮಂಡಿ ಎದ್ದಿತು. ತಲೆಯ ಮೇಲೆ ಕೈ ಕೂಡಿತು. ಆ ಕ್ಷಣಕ್ಕೇ ಹನ್ನೆರಡು ಜನರ ಚಪ್ಪಾಳೆ ಒಂದೇ ಚಪ್ಪಾಳೆಯಾಗಿ ಬಿತ್ತು, ಮತ್ತು ಆಗ ನನಗೆ ಹಾಡು ಕೇಳಿಸಿತು. ಗಿಟಾರು ಎದ್ದಿತು, ಡ್ರಮ್ಮು ಬಂತು, ಎಲ್ಲವೂ ಬಂತು. ಸ್ಪೀಕರು ಗಾಡಿಯಲ್ಲಿ ಸುಮ್ಮನೆ ಬಿದ್ದಿದೆ, ಗಾಳಿಯಲ್ಲಿ ಒಂದು ಸ್ವರವೂ ಇಲ್ಲ, ಆದರೂ ಹನ್ನೆರಡು ಜನ ಒಂದೇ ಹಾಡಿನ ಒಂದೇ ಜಾಗದಲ್ಲಿ ನಿಂತಿದ್ದೇವೆ. ಈರುಳ್ಳಿ ಮೂಟೆ ಹೊರುವವನ ಒಳಗೂ ಅದೇ ಪೆಟ್ಟು, ಮೇಷ್ಟ್ರ ಒಳಗೂ ಅದೇ ಪೆಟ್ಟು. ಮೈಯ ರೋಮವೆಲ್ಲ ಎದ್ದು ನಿಂತಿತು. ಹದಿನೆಂಟು ವರ್ಷ ಈ ಬ್ಯಾಂಡಿನ ಹಿಂದೆ ಬಿದ್ದವನು ನಾನು. ಅವರ ಹಾಡನ್ನು ಇಷ್ಟು ಚೆನ್ನಾಗಿ ಒಮ್ಮೆಯೂ ಕೇಳಿರಲಿಲ್ಲ.

ಭವ್ಯಳೂ ಅದೇ ಜಾಗದಲ್ಲಿದ್ದಳು. ನಮ್ಮ ಮಂಡಿ ಏಳುವಾಗ ಅವಳ ಮಂಡಿ ಎದ್ದಿತು. ನಡಿಗೆ ಮತ್ತೆ ಓಟವಾಯಿತು, ಆತುರವಿಲ್ಲದ, ಒಂದೇ ಸಮನಾದ ಓಟ. ಹತ್ತಿರ ಬಂದಳು. ಮುಖ ಬೆವರಲ್ಲಿ ತೊಯ್ದಿತ್ತು. ನೋಟ ಅತ್ತೆಯ ಕೈಯಿಂದ ಕದಲಲಿಲ್ಲ. ನಮ್ಮ ಎದುರಿನ ತಿರುವಿಗೆ ಬಂದಾಗ ಅವಳ ಉಸಿರಿನ ಸದ್ದೂ ಕೇಳಿಸಿತು, ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ತಿರುವು ದಾಟಿ ನಮಗೆ ಬೆನ್ನು ತಿರುಗಿಸಿದಳು.

ಅಲ್ಲಿಂದ ಮುಂದೆ ಅವಳಿಗೆ ನಾವು ಕಾಣುವುದಿಲ್ಲ. ಆದರೂ ಯಾರೂ ನಿಲ್ಲಿಸಲಿಲ್ಲ. ಕೊನೆಯ ಡ್ರಮ್ಮು ಶುರುವಾಯಿತು. ನಾವು ಕುಕ್ಕರಿಸಿ ನೆಗೆದೆವು. ಮತ್ತೆ ಕುಕ್ಕರಿಸಿ ನೆಗೆದೆವು. ಮಂಡಿನೋವಿನ ದೊಡ್ಡಮಾದಮ್ಮ ಹಲ್ಲು ಕಚ್ಚಿಕೊಂಡು ನೆಗೆಯುತ್ತಿದ್ದರು. ಮೈದಾನದಲ್ಲಿ ಅವರು ಒಂದು ದಿನವೂ ನೆಗೆದವರಲ್ಲ. ನೆಲಕ್ಕೆ ಬಿದ್ದ ನಮ್ಮ ಕಾಲಿನ ಸದ್ದು ಧಡ್, ಧಡ್ ಎಂದು ಹೋಗುತ್ತಿತ್ತು. ಅತ್ತ ಭವ್ಯ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಮೂರನೆಯವಳನ್ನೂ ದಾಟಿದಳು. ಕೊನೆಯ ಪೆಟ್ಟಿಗೆ ನಮ್ಮೆಲ್ಲರ ಪಾದ ನೆಲ ಮುಟ್ಟಿದಾಗ ಅವಳಿಗೆ ಗೆರೆಗೆ ಇನ್ನೂ ಏಳೆಂಟು ಹೆಜ್ಜೆ ಬಾಕಿಯಿತ್ತು.

ಹಾಡು ಮುಗಿದಿತ್ತು. ಅವಳು ಹಾಡಿಲ್ಲದೆ ಓಡಿದಳು. ಆ ಏಳೆಂಟು ಹೆಜ್ಜೆಯನ್ನು ನಾವು ಹನ್ನೆರಡು ಜನ ಉಸಿರು ಬಿಡದೆ ನೋಡಿದೆವು. ಗೆರೆ ದಾಟಿ, ಇನ್ನೂ ನಾಲ್ಕು ಮಾರು ಹೋಗಿ, ಹುಲ್ಲಿನ ಮೇಲೆ ಮಂಡಿಯೂರಿದಳು.

ಮೇಷ್ಟ್ರ ವಾಚು ಜೇಬಿನಲ್ಲಿತ್ತು. ಎಷ್ಟಾಯಿತೆಂದು ನಮಗೆ ಗೊತ್ತಿಲ್ಲ. ಒಳಗೆ ಮೇಜಿನ ಹತ್ತಿರ ಇಬ್ಬರು ಅಧಿಕಾರಿಗಳು ಒಂದು ಹಾಳೆಯ ಮೇಲೆ ಬಗ್ಗಿದರು. ಮೈಕು ಕರಕರ ಎಂದಿತು. ಒಂದೊಂದೇ ಸಂಖ್ಯೆ ಓದಿದರು. ನಲವತ್ತೊಂದು, ಪಾಸ್. ನಲವತ್ತೆರಡು, ಫೇಲ್. ದೊಡ್ಡಮಾದಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದರು. ಉಗುರು ಒಳಗೆ ಇಳಿಯುತ್ತಿತ್ತು.

“ನಲವತ್ತೇಳು, ನಾಲ್ಕು ನಿಮಿಷ ಇಪ್ಪತ್ತಾರು ಸೆಕೆಂಡು. ಪಾಸ್.”

ಶಿವಮಲ್ಲು ನನ್ನನ್ನು ಮೂಟೆಯ ಹಾಗೆ ಎತ್ತಿ ಕೆಳಗಿಟ್ಟ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅತ್ತುಬಿಟ್ಟೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಸ್ವಲ್ಪ ಹೊತ್ತಿಗೆ ಭವ್ಯ ಗೇಟಿನಿಂದ ಹೊರಬಂದಳು. ಕಾಲು ಎಳೆಯುತ್ತಿದ್ದಳು. ಬಂದವಳು ಮೊದಲು ಕೇಳಿದ್ದೇ ಇದು: “ಯಾರದು ಅಂಗೆ ಕಿರುಚುದ್ದು?”

ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

“ನಾನೇ ಕಣಮ್ಮಿ,” ಎಂದೆ. “ತಪ್ಪಾಯ್ತು. ಹಾಡು ನಿನ್ನೊಳ್ಗೇ ಓಡ್ತಿತ್ತು. ನಾನ್ ಬಾಯಾಕಿ ಕೆಡುಸ್ಬುಟ್ಟೆ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. “ಹಾಡು ಎಲ್ಲಿತ್ತು ಶಂಕ್ರಣ್ಣ? ನಮ್ ಮೈದಾನದಲ್ಲೂ ಆ ಕಡೆ ಮೂಲೆಗೆ ಹೋದ್ರೆ ಲಾರಿ ಸದ್ದೇ ಹೊರ್ತು ನಿಮ್ ಸ್ಪೀಕ್ರು ಕೇಳುಸ್ತಾನೇ ಇರ್ನಿಲ್ಲ. ನಾನು ಅತ್ತೆ ಕೈ ನೋಡ್ಕಂಡೇ ಓಡ್ತಿದ್ದೆ. ಅವ್ರಿಗ್ ಗೊತ್ತಿತ್ತು. ಅದುಕ್ಕೇ ನಾನ್ ಯಾವ ಮೂಲೇಲಿದ್ರೂ ಕಾಣ್ಲಿ ಅಂತ ಕೈನ ಒಂಚೂರು ಜಾಸ್ತಿ ಹೊತ್ತು ಮೇಲೇ ಇಡೋರು. ಇಲ್ಲೂ ಆ ಚಪ್ಪಾಳೇನೇ ಬಾಯಲ್ಲಿ ಎಣುಸ್ಕಂಡ್ ಬತ್ತಿದ್ದೆ.”

ಕೂದಲೆಳೆಯಷ್ಟು ಹಿಂದೆ. ನಾನು ದೊಡ್ಡಮಾದಮ್ಮನ ಕಡೆ ತಿರುಗಿದೆ. ಅವರು ನೆರಿಗೆ ಬಿಚ್ಚಿ ಸರಿಮಾಡಿಕೊಳ್ಳುತ್ತಿದ್ದರು, ಮಂಡಿ ಹಿಡಿದುಕೊಂಡು ಮುಖ ಕಿವುಚುತ್ತಿದ್ದರು. ನಾನು ಹೋಗಿ ಅವರ ತೋಳು ಹಿಡಿದು ಆಸರೆ ಕೊಟ್ಟೆ.

ಅಷ್ಟರಲ್ಲಿ ಗೇಟಿನ ಪೊಲೀಸಪ್ಪ ನಮ್ಮ ಕಡೆಗೇ ಬಂದ. ಮತ್ತೇನು ತಕರಾರೋ ಎಂದುಕೊಂಡೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಮ್ಮನ್ನೆಲ್ಲ ಒಂದು ಸಲ ನೋಡಿದ.

“ಅಲ್ರೀ, ಆಗ್ಲಿಂದ ನೋಡ್ತಿದ್ದೀನಿ. ಸದ್ದಿಲ್ಲ, ಸುಳಿವಿಲ್ಲ, ಅಷ್ಟು ಜನವೂ ಒಂದೇ ತಾಳ. ನನ್ ಕಾಲೂ ಅಲ್ಲಾಡೋಕೆ ಸುರುವಾಗೋಯ್ತು,” ಎಂದ. ದನಿ ತಗ್ಗಿಸಿದ. “ಅದ್ಯಾವ ಹಾಡ್ರೀ ಅದು?”

ಏಳನೇ ಗೇರಿನ ಬಗ್ಗೆ ಯಾರಾದರೂ ಕೇಳಿದರೆ ಅರ್ಧ ಗಂಟೆ ಬಿಡದೆ ಮಾತಾಡುವವನು ನಾನು. ಎಲ್ಲರೂ ನನ್ನ ಕಡೆಗೇ ನೋಡಿದರು. ನಾನು ಬಾಯಿ ತೆರೆಯಲಿಲ್ಲ.

ದೊಡ್ಡಮಾದಮ್ಮ ಸೆರಗಿನ ತುದಿಯಿಂದ ಭವ್ಯಳ ಕತ್ತಿನ ಬೆವರು ಒರೆಸುತ್ತಲೇ ಹೇಳಿದರು: “ನಮ್ ಸೊಸೇದು ಕಣಪ್ಪ.”